ಒಂದು ರಾಜೀನಾಮೆ ಪತ್ರದ ಬೆಲೆ 3.2 ಲಕ್ಷ: ಪತ್ರಿಕಾ ಕಚೇರಿಯ ಸಿಬ್ಬಂದಿ ಕಡಿತ, ಕಾಂಟ್ರ್ಯಾಕ್ಟ್ ಮತ್ತು ಹೊಸ ಸಂಹಿತೆಗಳು

ಪತ್ರಿಕಾ ಕಚೇರಿಗಳಲ್ಲಿ ಸಿಬ್ಬಂದಿ ಕಡಿತ ನಡೆಯುವಾಗ ವಜಾ ಆದೇಶ ಎಂಬ ಕಾಗದ ಹೆಚ್ಚಿನವರ ಕೈಗೆ ಬರುವುದೇ ಇಲ್ಲ. ಮಧ್ಯಾಹ್ನ ಎಚ್‌ಆರ್‌ನಿಂದ ಕರೆ ಬರುತ್ತದೆ. ಹೋಗಿ ಕೂತರೆ ಮೇಜಿನ ಮೇಲೆ ಮೊದಲೇ ಟೈಪು ಮಾಡಿಟ್ಟ ರಾಜೀನಾಮೆ ಪತ್ರ. ಅದರಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಎಂಬ ಮಾತು ತಪ್ಪದೆ ಇರುತ್ತದೆ. ಸಹಿ ಹಾಕಿದರೆ ಒಂದು ತಿಂಗಳ ಸಂಬಳ, ಒಳ್ಳೆಯ ಅನುಭವ ಪತ್ರ. ಹಾಕದಿದ್ದರೆ ಎರಡೂ ಇಲ್ಲ. ಸಂಜೆ ಮೊದಲ ಆವೃತ್ತಿಯ ಪುಟ ಹೋಗುವ ಹೊತ್ತಿಗೆ ಕಚೇರಿಯ ಇಮೇಲ್ ಬಂದ್ ಆಗಿರುತ್ತದೆ, ಪುಟ ಕಟ್ಟುವ ಸಾಫ್ಟ್‌ವೇರಿನ ಲಾಗಿನ್ ಹೋಗಿರುತ್ತದೆ. ಮರುದಿನ ಸಂಘದವರು ಗೇಟಿನ ಮುಂದೆ ಘೋಷಣೆ ಕೂಗಿದರೆ ಆಡಳಿತ ಮಂಡಳಿಯ ಉತ್ತರ ಸಿದ್ಧವಿರುತ್ತದೆ: ನಾವು ಯಾರನ್ನೂ ತೆಗೆದಿಲ್ಲ, ಅವರೇ ಬಿಟ್ಟು ಹೋದರು.

ಇಷ್ಟು ಪಾಡುಪಟ್ಟು ರಾಜೀನಾಮೆಯನ್ನೇ ಬರೆಸಿಕೊಳ್ಳುವುದೇಕೆ ಎಂದರೆ, ಲೆಕ್ಕ ಹಾಕಿ ನೋಡಬೇಕು.

ಹನ್ನೆರಡು ವರ್ಷ ಸರ್ವಿಸ್ ಆದ ಉಪಸಂಪಾದಕರೊಬ್ಬರ ಸಂಬಳ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂಲ ವೇತನ 14,000. ಉಳಿದದ್ದು ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಇತ್ಯಾದಿ. ಇಷ್ಟು ವರ್ಷ ಚಾಲ್ತಿಯಲ್ಲಿದ್ದ ಕಾನೂನಿನಂತೆ ಅವರನ್ನು ‘ಕಡಿತ’ದ ಹೆಸರಿನಲ್ಲಿ ತೆಗೆಯಬೇಕಾದರೆ ಮೂರು ತಿಂಗಳ ನೋಟಿಸ್ ಅಥವಾ ಅದರ ಬದಲು 1,20,000 ರೂಪಾಯಿ ಕೊಡಬೇಕಿತ್ತು. ಸರ್ವಿಸಿನ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ, ಅಂದರೆ ಸುಮಾರು 20,000ದಂತೆ 2,40,000 ಪರಿಹಾರ. ಇದರ ಮೇಲೆ ಗ್ರಾಚ್ಯುಟಿ: ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 12 ವರ್ಷಕ್ಕೆ ಗುಣಿಸಿದರೆ 96,923. ಒಟ್ಟು 4.57 ಲಕ್ಷ. ಅದೇ ವ್ಯಕ್ತಿ ‘ವೈಯಕ್ತಿಕ ಕಾರಣ’ಕ್ಕೆ ಬಿಟ್ಟು ಹೋದರೆ ಒಂದು ತಿಂಗಳ ಸಂಬಳ ಮತ್ತು ಗ್ರಾಚ್ಯುಟಿ ಸೇರಿ 1.37 ಲಕ್ಷ. ಒಂದು ಸಹಿಯಿಂದ ಕಂಪನಿಗೆ ಉಳಿಯುವುದು 3.2 ಲಕ್ಷ. ಐವತ್ತು ಜನರಿಂದ ಬರೆಸಿಕೊಂಡರೆ 1.6 ಕೋಟಿ. ಜತೆಗೆ ವಿವಾದವೂ ಇಲ್ಲ, ಏಕೆಂದರೆ ರಾಜೀನಾಮೆ ಕೊಟ್ಟವರು ಕಾನೂನಿನ ಕಣ್ಣಿಗೆ ಕೆಲಸ ಕಳೆದುಕೊಂಡವರಲ್ಲ.

ಕೆಲಸ ಹೋಗುವ ದಿನದ ಹೋರಾಟ ಬಹುಪಾಲು ಸೋಲುವುದಕ್ಕೆ ಕಾರಣ ಹಲವು ವರ್ಷ ಹಿಂದೆ ಸಹಿ ಹಾಕಿದ ಕಾಗದಗಳಲ್ಲಿರುತ್ತದೆ. ಪತ್ರಕರ್ತರ ಸಂಘಗಳು ಕಡಿತದ ವಿರುದ್ಧ ಎಷ್ಟು ದನಿ ಎತ್ತಿವೆಯೋ, ಕಾಂಟ್ರ್ಯಾಕ್ಟ್‌ನ ಕಲಮುಗಳ ವಿರುದ್ಧ ಅಷ್ಟು ಎತ್ತಿಲ್ಲ. ಎತ್ತಬೇಕಿದ್ದ ಕಾಲದಲ್ಲಂತೂ ಎತ್ತಲೇ ಇಲ್ಲ.

ಕೊಟ್ಟದ್ದೇನು

ನ್ಯಾಯಮೂರ್ತಿ ರಾಜಾಧ್ಯಕ್ಷ ನೇತೃತ್ವದ ಮೊದಲ ಪತ್ರಿಕಾ ಆಯೋಗದ ವರದಿಯ ಬೆನ್ನಿಗೇ, 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂತು. ಅದರ ಬಲ ಮೂರು ಕಡೆ ಇತ್ತು. ಕೈಗಾರಿಕಾ ವಿವಾದಗಳ ಕಾಯ್ದೆಯ ರಕ್ಷಣೆಯನ್ನು 3ನೇ ಕಲಮು ಪತ್ರಕರ್ತರಿಗೂ ಕೊಟ್ಟಿತು. ಕಡಿತದ ನೋಟಿಸನ್ನು ಸಂಪಾದಕರಿಗೆ ಆರು ತಿಂಗಳು, ಉಳಿದ ಪತ್ರಕರ್ತರಿಗೆ ಮೂರು ತಿಂಗಳು ಎಂದು ಏರಿಸಿತು. ವೇತನ ನಿಗದಿಗೆ 9ನೇ ಕಲಮಿನಡಿ ಮಾಲೀಕರು, ಪತ್ರಕರ್ತರು ಮತ್ತು ಸ್ವತಂತ್ರ ಸದಸ್ಯರಿರುವ ವೇತನ ಮಂಡಳಿ. ಮೂರನೆಯದು 16ನೇ ಕಲಮು: ಕಾಯ್ದೆಗಿಂತ ಕಡಿಮೆ ಕೊಡುವ ಯಾವ ಒಪ್ಪಂದವೂ ನಡೆಯದು, ಹೆಚ್ಚು ಕೊಡುವುದಾದರೆ ಅಡ್ಡಿಯಿಲ್ಲ. ನಾಲ್ಕು ವಾರಕ್ಕೆ 144 ಗಂಟೆ ಮೀರದ ಕೆಲಸ, ಮೂರು ವರ್ಷಕ್ಕೇ ಗ್ರಾಚ್ಯುಟಿ, ಹನ್ನೊಂದು ದಿನ ದುಡಿದರೆ ಒಂದು ದಿನದ ಗಳಿಕೆ ರಜೆ, ಇವೆಲ್ಲ ಅದೇ ಕಾಯ್ದೆಯಲ್ಲಿದ್ದವು. ‘ಅರೆಕಾಲಿಕ’ ಪತ್ರಕರ್ತರೂ ಅದರ ವ್ಯಾಖ್ಯೆಯೊಳಗೆ ಬರುತ್ತಿದ್ದರು. ಈ ಅಂಶವನ್ನು ಜಿಲ್ಲಾ ವರದಿಗಾರರು ಗಮನದಲ್ಲಿಟ್ಟುಕೊಳ್ಳಬೇಕು.

ಕೊರತೆ ಇದ್ದದ್ದು ದಂಡದ ಕಲಮಿನಲ್ಲಿ. ಕಾಯ್ದೆ ಮುರಿದ ಮಾಲೀಕರಿಗೆ 200 ರೂಪಾಯಿ, ಮತ್ತೆ ಮುರಿದರೆ 500. ಆ ಮೊತ್ತ ಕೊನೆಯವರೆಗೂ ಹಾಗೇ ಇತ್ತು. ತಾಲ್ಲೂಕು ಪುಟದ ಒಂದು ಶ್ರದ್ಧಾಂಜಲಿ ಜಾಹೀರಾತಿಗೂ ಇದಕ್ಕಿಂತ ಹೆಚ್ಚು ಬೀಳುತ್ತದೆ.

ಕಾಂಟ್ರ್ಯಾಕ್ಟ್ ಒಳಗೆ ಬಂದ ಬಾಗಿಲು

1984ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ಒಂದು ಸಣ್ಣ ಉಪಕಲಮು ಸೇರಿತು. ಅವಧಿ ಮುಗಿದ ಒಪ್ಪಂದವನ್ನು ನವೀಕರಿಸದಿರುವುದು ‘ಕಡಿತ’ ಅಲ್ಲ ಎಂದು ಅದು ಹೇಳಿತು. ಪತ್ರಿಕೋದ್ಯಮಕ್ಕೆಂದು ಮಾಡಿದ ತಿದ್ದುಪಡಿ ಅದಲ್ಲ. ಆದರೆ 1990ರ ದಶಕದಿಂದ ದೊಡ್ಡ ಪತ್ರಿಕೆಗಳು ವೇತನ ಮಂಡಳಿಯ ಶ್ರೇಣಿಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕಾಂಟ್ರ್ಯಾಕ್ಟ್‌ಗೆ ಬದಲಿಸಿಕೊಂಡಾಗ ಈ ಉಪಕಲಮೇ ಆಧಾರವಾಯಿತು. ಕೈಗೆ ಬರುವ ಸಂಬಳ ತಕ್ಷಣ ಏರಿತು. ಎಷ್ಟೋ ಮಂದಿ ಖುಷಿಯಿಂದಲೇ ಬದಲಾದರು. ಸಂಘದ ಸದಸ್ಯತ್ವ ಬಿಡಬೇಕೆಂಬ ಮಾತು ಕಾಗದದ ಮೇಲೆ ಇರಲಿಲ್ಲ, ಇರುವ ಅಗತ್ಯವೂ ಇರಲಿಲ್ಲ. ನವೀಕರಣ ಯಾರ ಕೈಯಲ್ಲಿದೆ ಎಂದು ಗೊತ್ತಿದ್ದವರು ತಾವಾಗಿಯೇ ಬಿಟ್ಟರು.

ಆ ಕಾಂಟ್ರ್ಯಾಕ್ಟ್‌ಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗಿವೆ. ಮೂರು ವರ್ಷದ ಅವಧಿ ಒಂದಕ್ಕೆ ಇಳಿದಿದೆ, ಕೆಲವೆಡೆ ಹನ್ನೊಂದು ತಿಂಗಳಿಗೆ. ನೋಟಿಸ್ ಅವಧಿ ಕಂಪನಿಗೆ ಒಂದು ತಿಂಗಳು, ಉದ್ಯೋಗಿಗೆ ಎರಡೋ ಮೂರೋ. ಸಂಬಳದ ಒಂದಷ್ಟು ಪಾಲು ‘ಸಾಧನೆ ಆಧಾರಿತ’, ಅಂದರೆ ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದರ ಮೇಲೆ ನಿಂತದ್ದು. ದೇಶದ ಯಾವ ಮೂಲೆಗಾದರೂ, ಸೋದರ ಸಂಸ್ಥೆಗಾದರೂ ವರ್ಗ ಮಾಡುವ ಹಕ್ಕು. ಬರೆದದ್ದು, ತೆಗೆದ ಫೋಟೊ, ಮಾತಾಡಿದ ವಿಡಿಯೊ ಎಲ್ಲದರ ಹಕ್ಕುಸ್ವಾಮ್ಯ ಕಂಪನಿಯದು, ಮುಂದೆ ಹುಟ್ಟಬಹುದಾದ ಮಾಧ್ಯಮಗಳಲ್ಲೂ.

ಇದರಲ್ಲಿ ಓದಲೇಬೇಕಾದ ಸಾಲು ಸಿಟಿಸಿ (ಉದ್ಯೋಗಿಯೊಬ್ಬರಿಗೆ ಕಂಪನಿ ಮಾಡುವ ಒಟ್ಟು ವೆಚ್ಚ) ಪಟ್ಟಿಯ ಕೊನೆಗಿರುತ್ತದೆ: ‘ಗ್ರಾಚ್ಯುಟಿ, ಮೂಲ ವೇತನದ ಶೇ 4.81’. 15ನ್ನು 26ರಿಂದಲೂ, ಬಂದದ್ದನ್ನು 12ರಿಂದಲೂ ಭಾಗಿಸಿದರೆ ಸಿಗುವ ಅಂಕಿ ಅದು. 14,000 ಮೂಲ ವೇತನಕ್ಕೆ ತಿಂಗಳಿಗೆ 673 ರೂಪಾಯಿ. ಅದನ್ನು ನಿಮ್ಮ ‘ಪ್ಯಾಕೇಜಿನ’ ಭಾಗವೆಂದು ತೋರಿಸಲಾಗುತ್ತದೆ. ಆದರೆ ಎರಡು ವರ್ಷ ಹತ್ತು ತಿಂಗಳಿಗೆ ಕಾಂಟ್ರ್ಯಾಕ್ಟ್ ಮುಗಿಸಿ ಸೋದರ ಸಂಸ್ಥೆಯ ಹೆಸರಿನಲ್ಲಿ ಹೊಸ ನೇಮಕಾತಿ ಪತ್ರ ಕೊಟ್ಟರೆ ಹಳೆಯ ಕಾನೂನಿನಲ್ಲಿ ಆ ಹಣ ಯಾವತ್ತೂ ಕೈಗೆ ಬರುತ್ತಿರಲಿಲ್ಲ. ಹೀಗೆ ಸಂಸ್ಥೆ ಬದಲಾದದ್ದು ಎಷ್ಟೋ ಜನಕ್ಕೆ ಗೊತ್ತಾಗುವುದು ಪಿಎಫ್ ಪಾಸ್‌ಬುಕ್ ತೆರೆದಾಗ: ಅಲ್ಲಿ ಪತ್ರಿಕೆಯ ಹೆಸರಿನ ಬದಲು ಕೇಳರಿಯದ ಯಾವುದೋ ಸರ್ವಿಸಸ್ ಪ್ರೈವೇಟ್ ಲಿಮಿಟೆಡ್.

ಗೆದ್ದ ಕೇಸು, ಬಾರದ ಹಣ

ನ್ಯಾಯಮೂರ್ತಿ ಜಿ.ಆರ್. ಮಜಿಥಿಯಾ ವೇತನ ಮಂಡಳಿ 2010ರ ಡಿಸೆಂಬರ್ 31ರಂದು ವರದಿ ಕೊಟ್ಟಿತು. ಕೇಂದ್ರ ಸರ್ಕಾರ 2011ರ ನವೆಂಬರ್ 11ರಂದು ಅಧಿಸೂಚನೆ ಹೊರಡಿಸಿತು. ಪತ್ರಿಕೆಗಳನ್ನು ವಾರ್ಷಿಕ ವರಮಾನದ ಮೇಲೆ ಎಂಟು ದರ್ಜೆಗಳಾಗಿ ವಿಂಗಡಿಸಿ, 1,000 ಕೋಟಿ ರೂಪಾಯಿ ಮೀರಿದವನ್ನು ಒಂದನೇ ದರ್ಜೆಗೆ, ಒಂದು ಕೋಟಿಗಿಂತ ಕಡಿಮೆಯವನ್ನು ಎಂಟನೆಯದಕ್ಕೆ ಹಾಕಿತ್ತು. ಮಾಲೀಕರು ಕೋರ್ಟಿಗೆ ಹೋದರು, ಸೋತರು. 2014ರ ಫೆಬ್ರವರಿ 7ರಂದು ಸುಪ್ರೀಂ ಕೋರ್ಟ್ ಶಿಫಾರಸುಗಳನ್ನು ಎತ್ತಿಹಿಡಿದು, ಬಾಕಿಯನ್ನು ಒಂದು ವರ್ಷದೊಳಗೆ ನಾಲ್ಕು ಸಮ ಕಂತುಗಳಲ್ಲಿ ಕೊಡಿ ಎಂದಿತು.

ಆಮೇಲೆ ಶುರುವಾದದ್ದು 20(ಜೆ) ಆಟ. ಈಗಿರುವ ಸಂಬಳವನ್ನೇ ಉಳಿಸಿಕೊಳ್ಳಲು ಬಯಸುವ ಉದ್ಯೋಗಿ ಮೂರು ವಾರದೊಳಗೆ ಹಾಗೆಂದು ಬರೆದುಕೊಡಬಹುದು ಎಂಬ ಕಲಮು ಮಂಡಳಿಯ ಶಿಫಾರಸಿನಲ್ಲಿತ್ತು. ಶಿಫಾರಸಿಗಿಂತ ಹೆಚ್ಚು ಪಡೆಯುತ್ತಿದ್ದವರಿಗಾಗಿ ಇಟ್ಟ ಕಲಮು ಅದು. ಹಲವು ಪತ್ರಿಕೆಗಳಲ್ಲಿ ಕಡಿಮೆ ಪಡೆಯುತ್ತಿದ್ದವರಿಂದಲೂ ಸಾಲುಸಾಲಾಗಿ ಸಹಿ ಹಾಕಿಸಿಕೊಂಡರು. 2017ರ ಜೂನ್ 19ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಅರ್ಥೈಸುವಿಕೆಯನ್ನು ಒಪ್ಪಲಿಲ್ಲ: ಕಾಯ್ದೆ ಖಾತರಿಪಡಿಸಿದ ಕನಿಷ್ಠಕ್ಕಿಂತ ಕೆಳಗೆ ಯಾವ ಮುಚ್ಚಳಿಕೆಯೂ ಇಳಿಸಲಾರದು, ಕಾಂಟ್ರ್ಯಾಕ್ಟ್‌ನಲ್ಲಿರುವವರಿಗೂ ಶಿಫಾರಸು ಅನ್ವಯಿಸುತ್ತದೆ. ‘ಹಣಕಾಸಿನ ತೊಂದರೆ’ ಮತ್ತು ‘ಭಾರಿ ನಗದು ನಷ್ಟ’ ಎರಡೂ ಒಂದೇ ಅಲ್ಲ ಎಂದೂ ಹೇಳಿತು. ಬಾಕಿಯಿಂದ ವಿನಾಯಿತಿ ಇದ್ದದ್ದು ಸತತ ಮೂರು ವರ್ಷ ಭಾರಿ ನಗದು ನಷ್ಟ ಕಂಡವರಿಗೆ ಮಾತ್ರ.

ತತ್ವದಲ್ಲಿ ಎಲ್ಲವೂ ಪತ್ರಕರ್ತರ ಪರ. ಆದರೆ ಮಾಲೀಕರು ಬೇಕೆಂದೇ ಆದೇಶ ಮುರಿದಿಲ್ಲ, ಹಾಗಾಗಿ ನ್ಯಾಯಾಂಗ ನಿಂದನೆ ಇಲ್ಲ, ಬಾಕಿ ಬೇಕಾದವರು 1955ರ ಕಾಯ್ದೆಯ 17ನೇ ಕಲಮಿನಡಿ ಅರ್ಜಿ ಹಾಕಿಕೊಳ್ಳಲಿ ಎಂದೂ ಅದೇ ತೀರ್ಪು ಹೇಳಿತು. ಅಂದರೆ ಒಬ್ಬೊಬ್ಬರೂ ಫಾರ್ಮ್ ಸಿ ತುಂಬಿ ರಾಜ್ಯದ ಕಾರ್ಮಿಕ ಇಲಾಖೆಗೆ ಕೊಡಬೇಕು. ಮೊತ್ತದ ಬಗ್ಗೆ ತಕರಾರಿಲ್ಲದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿ ವಸೂಲಿ ಮಾಡುತ್ತಾರೆ. ತಕರಾರಿದ್ದರೆ ಕಾರ್ಮಿಕ ನ್ಯಾಯಾಲಯಕ್ಕೆ. ತಕರಾರು ಎತ್ತಲು ಕಂಪನಿಗೆ ಒಂದು ಪ್ಯಾರಾದ ಉತ್ತರ ಸಾಕು: ನಮ್ಮ ದರ್ಜೆ ಅದಲ್ಲ, ಅಥವಾ ಇವರು ಪತ್ರಕರ್ತರೇ ಅಲ್ಲ. ದರ್ಜೆ ಸಾಬೀತಿಗೆ ಕಂಪನಿಯ ಮೂರು ವರ್ಷದ ಲೆಕ್ಕಪತ್ರ ಬೇಕು, ಅದು ಇರುವುದು ಕಂಪನಿಯ ಬಳಿ. ಕೇಸು ಹಾಕಿದವರನ್ನು ದೂರದ ಬ್ಯೂರೋಗೆ ವರ್ಗ ಮಾಡಿದರೆ 16ಎ ಕಲಮೂ ಕೆಲಸಕ್ಕೆ ಬರುವುದು ಕಷ್ಟ. ವೇತನದ ಹೊರೆಯ ಕಾರಣಕ್ಕೆ ವಜಾ ಮಾಡಬಾರದು ಎಂದಷ್ಟೇ ಅದು ಹೇಳುತ್ತಿತ್ತು, ವರ್ಗಾವಣೆಯ ಮಾತು ಅದರಲ್ಲಿರಲಿಲ್ಲ.

ಕಾಲದ ಲೆಕ್ಕ ಬೇಕಾದರೆ ಹಿಂದೂಸ್ತಾನ್ ಟೈಮ್ಸ್ ಪ್ರಕರಣ ನೋಡಬಹುದು. ದೆಹಲಿಯಲ್ಲಿ 2004ರ ಅಕ್ಟೋಬರಿನಲ್ಲಿ ಒಂದೇ ಏಟಿಗೆ 362 ಕಾರ್ಮಿಕರು ಕೆಲಸ ಕಳೆದುಕೊಂಡರು. ನ್ಯಾಯಮಂಡಳಿಯ ಐತೀರ್ಪು ಬಂದದ್ದು 2012ರ ಜನವರಿಯಲ್ಲಿ. ಅದೂ ಅಲ್ಲಿಗೆ ಮುಗಿಯಲಿಲ್ಲ.

ಪ್ರತಿಭಟನೆ ಏಕೆ ಕಾಣುವುದಿಲ್ಲ

ಸಾರಿಗೆ ನೌಕರರು ಮುಷ್ಕರ ಹೂಡಿದರೆ ಮೊದಲ ಪುಟ. ಪತ್ರಕರ್ತರದು ಒಳಪುಟಕ್ಕೂ ಬರುವುದಿಲ್ಲ. ಒಂದು ಪತ್ರಿಕೆಯ ಕಡಿತವನ್ನು ಇನ್ನೊಂದು ಪತ್ರಿಕೆ ವರದಿ ಮಾಡದಿರುವುದು ಬರೆಯದ ಒಪ್ಪಂದ. ನಾಳೆ ತನ್ನ ಸರದಿ ಇದೆಯೆಂದು ಎರಡೂ ಕಡೆಯವರಿಗೆ ಗೊತ್ತು. ಬೆಂಗಳೂರಿನಲ್ಲಿ ಜಾಗದ ತೊಡಕೂ ಇದೆ. 2021ರ ಪೊಲೀಸ್ ಆದೇಶದ ನಂತರ ಧರಣಿ, ಮೆರವಣಿಗೆಗೆ ಫ್ರೀಡಂ ಪಾರ್ಕ್ ಒಂದೇ ಗತಿ. ಎಂ.ಜಿ. ರಸ್ತೆಯ ಕಚೇರಿಯಲ್ಲಿ ಕೆಲಸ ಹೋದವರು ಗಾಂಧಿನಗರದ ಹತ್ತಿರ ಹೋಗಿ ಕೂತರೆ ಮಾಲೀಕರ ಕಿವಿಗೆ ಬೀಳುವುದು ಅಷ್ಟರಲ್ಲೇ ಇದೆ.

2020ರ ಲಾಕ್‌ಡೌನ್‌ನಲ್ಲಿ ಅದೂ ಇರಲಿಲ್ಲ. ಸಂಬಳ ಕಡಿತ, ‘ಸಂಬಳವಿಲ್ಲದ ರಜೆ’, ಫೋನಿನಲ್ಲೇ ರಾಜೀನಾಮೆ, ಇವೆಲ್ಲ ವಾರಗಳ ಲೆಕ್ಕದಲ್ಲಿ ನಡೆದವು. ಪತ್ರಕರ್ತರ ಮೂರು ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 27ರಂದು ನೋಟಿಸ್ ಹೊರಟಿತು. ಆದರೆ ಅಷ್ಟರಲ್ಲಿ ಜನ ಮನೆ ಸೇರಿದ್ದರು, ಜಿಲ್ಲಾ ಪುಟಗಳು ಒಂದರಲ್ಲೊಂದು ಸೇರಿಹೋಗಿದ್ದವು. ಕಡಿತಕ್ಕೆ ಕೋವಿಡ್ಡೇ ಬೇಕೆಂದೇನಿರಲಿಲ್ಲ ಎಂಬುದಕ್ಕೆ 2017ರ ಜನವರಿ ಸಾಕ್ಷಿ: ಹಿಂದೂಸ್ತಾನ್ ಟೈಮ್ಸ್ ಕೋಲ್ಕತ್ತ, ಭೋಪಾಲ್, ಇಂದೋರ್, ರಾಂಚಿ ಆವೃತ್ತಿಗಳನ್ನು ಒಟ್ಟಿಗೇ ಮುಚ್ಚಿತ್ತು.

ಮಾಲೀಕರು ಹೇಳುವುದೆಲ್ಲ ಸುಳ್ಳು ಎಂದಲ್ಲ. ಜಾಹೀರಾತು ಫೋನಿನ ಪರದೆಗೆ ಹೋಗಿದೆ, ಹೊರದೇಶದ ಕಾಗದದ ಬೆಲೆ ಕೈಯಲ್ಲಿಲ್ಲ, 2019ರ ಬಜೆಟ್ಟು ಸುದ್ದಿ ಕಾಗದದ ಮೇಲೆ ಶೇ 10 ಸುಂಕ ಹೇರಿ ಮರುವರ್ಷ ಶೇ 5ಕ್ಕೆ ಇಳಿಸಿತು. ಆದರೆ ಕಷ್ಟಕ್ಕೆ ಸರ್ಕಾರ ಸ್ಪಂದಿಸುವ ರೀತಿ ನೋಡಿ. 2025ರ ನವೆಂಬರಿನಲ್ಲಿ ಕೇಂದ್ರದ ಮುದ್ರಣ ಜಾಹೀರಾತು ದರ ಶೇ 26ರಷ್ಟು ಏರಿತು. ಒಂದು ಲಕ್ಷ ಪ್ರತಿಗೆ ಕಪ್ಪುಬಿಳುಪು ಜಾಹೀರಾತಿನ ಚದರ ಸೆಂಟಿಮೀಟರ್ ದರ 47.40ರಿಂದ 59.68 ರೂಪಾಯಿಗೆ ಹೋಯಿತು. ಏರಿಕೆ ಬೇಕಾದದ್ದೇ. ಅದಕ್ಕೆ ಪ್ರತಿಯಾಗಿ ಸಿಬ್ಬಂದಿಗೆ ಕಾನೂನಿನ ಸಂಬಳ ಕೊಟ್ಟ ದಾಖಲೆ ತೋರಿಸಿ ಎಂಬ ಷರತ್ತು ಹಾಕಿದ್ದರೆ ದರ ನಿಗದಿಯ ಆ ಮೇಜಿನಲ್ಲೇ ಅರ್ಧ ಕೆಲಸ ಆಗುತ್ತಿತ್ತು.

2025ರ ನವೆಂಬರ್ 21ರ ನಂತರ

ಅದೇ ತಿಂಗಳು, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ತಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 1955ರ ಕಾಯ್ದೆ ರದ್ದಾಯಿತು. ಇದನ್ನು ಪೂರ್ತಿ ನಷ್ಟವೆಂದು ಬರೆಯುವುದು ಸುಲಭ. ಬಿಡಿಸಿ ನೋಡಿದರೆ ಚಿತ್ರ ಅಷ್ಟು ನೇರವಾಗಿಲ್ಲ.

ಉಳಿದದ್ದು ಹೀಗಿದೆ. ನಾಲ್ಕು ವಾರಕ್ಕೆ 144 ಗಂಟೆಯ ಮಿತಿ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿದೆ. ಮೂರು ವರ್ಷದ ಗ್ರಾಚ್ಯುಟಿ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ನಿಗದಿತ ಅವಧಿಯ ಉದ್ಯೋಗಿಗೆ ಒಂದೇ ವರ್ಷಕ್ಕೆ ಸಿಗುತ್ತದೆ, ಹಾಗಾಗಿ ಎರಡು ವರ್ಷ ಹತ್ತು ತಿಂಗಳಿಗೆ ಕಾಂಟ್ರ್ಯಾಕ್ಟ್ ಮುಗಿಸುವ ಹಳೆಯ ಉಪಾಯ ಇನ್ನು ನಡೆಯದು. ಕೆಲಸ ಬಿಟ್ಟವರ ಅಥವಾ ತೆಗೆದವರ ವೇತನ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಮನೆ ಬಾಡಿಗೆ, ಓಡಾಟ ಮುಂತಾದ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಹೆಚ್ಚಾದದ್ದು ವೇತನಕ್ಕೇ ಸೇರುತ್ತದೆ. ಹಾಗಾಗಿ ನಮ್ಮ ಉಪಸಂಪಾದಕರ ಗ್ರಾಚ್ಯುಟಿ ಲೆಕ್ಕ 14,000ದ ಬದಲು 20,000ದ ಮೇಲೆ: 96,923 ಇದ್ದದ್ದು 1,38,461 ಆಗುತ್ತದೆ.

ಹೋದದ್ದನ್ನೂ ನೋಡಿ. ಮೂರು ತಿಂಗಳ, ಆರು ತಿಂಗಳ ವಿಶೇಷ ನೋಟಿಸ್ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಲ್ಲ. 70ನೇ ಕಲಮಿನಂತೆ ಎಲ್ಲ ಕಾರ್ಮಿಕರಿಗೂ ಒಂದೇ ತಿಂಗಳು. ವೇತನ ಮಂಡಳಿ ಇಲ್ಲ. ಇನ್ನೊಂದು ಬದಲಾವಣೆಯನ್ನು ಗಮನಿಸಿದವರು ಕಡಿಮೆ. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ‘ವೇತನ’ ಎಂದರೆ ಭತ್ಯೆಗಳೂ ಸೇರಿದ್ದವು. ಹೊಸ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ, ಓಡಾಟದ ಭತ್ಯೆ ಅರ್ಧದ ಮಿತಿಯವರೆಗೆ ಹೊರಗೆ. ಗ್ರಾಚ್ಯುಟಿಯಲ್ಲಿ ಉದ್ಯೋಗಿಗೆ ಲಾಭ ತಂದ ಅದೇ ವ್ಯಾಖ್ಯೆ ಕಡಿತದ ಪರಿಹಾರದಲ್ಲಿ ಉಲ್ಟಾ ಹೊಡೆಯುತ್ತದೆ: ವರ್ಷಕ್ಕೆ 20,000 ಇದ್ದದ್ದು 10,000ಕ್ಕೆ ಇಳಿದು, 2.4 ಲಕ್ಷದ ಪರಿಹಾರ 1.2 ಲಕ್ಷವಾಗುತ್ತದೆ. ಕಡಿತದಲ್ಲಿ ಕೆಲಸ ಕಳೆದುಕೊಂಡವರಿಗೆಂದು ಸಂಹಿತೆ ಮಾಡಿದ ಮರುಕೌಶಲ ನಿಧಿಯಿಂದ ಸಿಗುವ 15 ದಿನದ ವೇತನ ಸೇರಿಸಿದರೂ ಕಂದಕ ತುಂಬುವುದಿಲ್ಲ. ಬಲವಂತದ ರಾಜೀನಾಮೆಯ ಅಗತ್ಯವೇ ಇದರಿಂದ ಕಡಿಮೆಯಾಗಬಹುದು, ನೇರವಾಗಿ ತೆಗೆಯುವುದೇ ಮೊದಲಿಗಿಂತ ಅಗ್ಗವಾಗಿರುವಾಗ.

ಟಿವಿ ಮತ್ತು ಡಿಜಿಟಲ್ ಪತ್ರಕರ್ತರ ಸ್ಥಿತಿ ವಿಚಿತ್ರವಾಗಿದೆ. 1955ರ ಕಾಯ್ದೆ ‘ವೃತ್ತಪತ್ರಿಕಾ ಸಂಸ್ಥೆ’ಗೆ ಸೀಮಿತವಾಗಿದ್ದರಿಂದ ಸುದ್ದಿವಾಹಿನಿಯವರು ಹೊರಗಿದ್ದರು. ಈಗ ಔದ್ಯೋಗಿಕ ಸುರಕ್ಷತಾ ಸಂಹಿತೆ ವಿದ್ಯುನ್ಮಾನ, ಡಿಜಿಟಲ್ ಮಾಧ್ಯಮವನ್ನೂ ವ್ಯಾಖ್ಯೆಗೆ ತಂದಿದೆ. ಆದರೆ ಕೆಲಸದಿಂದ ತೆಗೆಯುವ ವಿಷಯ ಬರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ವೇತನ ಸಂಹಿತೆಯೂ ‘1955ರ ಕಾಯ್ದೆಯ 2(ಎಫ್)ನಲ್ಲಿ ಹೇಳಿದ ಪತ್ರಕರ್ತ’ ಎನ್ನುತ್ತವೆ. ಒಂದೇ ಟಿವಿ ವರದಿಗಾರ್ತಿ ಕೆಲಸದ ಗಂಟೆಯ ಲೆಕ್ಕಕ್ಕೆ ಕಾರ್ಯನಿರತ ಪತ್ರಕರ್ತೆ, ಕೆಲಸ ಹೋದ ದಿನ ಹೌದೋ ಅಲ್ಲವೋ ಎಂಬುದು ವಾದದ ವಿಷಯ. ರದ್ದಾದ ಕಾಯ್ದೆಯ ಉಲ್ಲೇಖವನ್ನು ಅದರ ಜಾಗಕ್ಕೆ ಬಂದ ಕಾಯ್ದೆಗೆ ಅನ್ವಯಿಸಿ ಓದಬೇಕೆಂಬ ಸಾಮಾನ್ಯ ನಿಯಮ ಇದೆ. ವಕೀಲರು ಅದನ್ನೇ ಹಿಡಿಯಬೇಕು. ತೀರ್ಮಾನ ಕೋರ್ಟಿನಲ್ಲೇ ಆಗಬೇಕು.

ಮುಷ್ಕರದ ದಾರಿ ಕಿರಿದಾಗಿದೆ. 14 ದಿನದ ಮುಂಚಿನ ನೋಟಿಸ್ ಕಡ್ಡಾಯ, ಅದು ಈಗ ಎಲ್ಲ ಉದ್ಯಮಕ್ಕೂ. ನೋಟಿಸ್ ತಲುಪಿದ ಮೇಲೆ ರಾಜಿ ಸಂಧಾನ ಶುರುವಾದರೆ ಅದು ನಡೆಯುವಷ್ಟು ದಿನ ಮತ್ತು ಮುಗಿದ ಏಳು ದಿನ ಮುಷ್ಕರ ಹೂಡುವಂತಿಲ್ಲ. ನ್ಯಾಯಮಂಡಳಿಗೆ ಹೋದರೆ ಅಲ್ಲಿ ಮುಗಿದ ಮೇಲೂ 60 ದಿನ ಇಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಿಗೆ ಸಿಎಲ್ (ಸಾಂದರ್ಭಿಕ ರಜೆ) ಹಾಕಿದರೂ ಅದು ಮುಷ್ಕರವೇ. ಅಕ್ರಮ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಜೈಲು, ಪ್ರಚೋದಿಸಿದವರಿಗೆ ದಂಡ 50,000ದವರೆಗೆ. ಕಪ್ಪು ಪಟ್ಟಿ ಧರಿಸುವುದು, ಊಟದ ಬಿಡುವಿನಲ್ಲಿ ಸಭೆ, ವರದಿಯ ಮೇಲೆ ತನ್ನ ಹೆಸರು (ಬೈಲೈನ್) ಬೇಡ ಎನ್ನುವುದು ಈ ಬಲೆಗೆ ಬೀಳುವುದಿಲ್ಲ. ಸುದ್ದಿಮನೆಯಲ್ಲಿ ಇವೇ ಹೆಚ್ಚು ಉಪಯೋಗಕ್ಕೆ ಬಂದಾವು.

ಕರೆ ಬಂದ ದಿನ

ಸಹಿಗೆ ಕಾಲಾವಕಾಶ ಕೇಳಬೇಕು, ಪತ್ರದ ಪ್ರತಿ ಕೇಳಬೇಕು. ಎರಡನ್ನೂ ಕೊಡದಿದ್ದರೆ, ಕೊಡಲಿಲ್ಲವೆಂದು ಅಂದೇ ಸ್ವಂತ ಇಮೇಲಿನಿಂದ ಎಚ್‌ಆರ್‌ಗೂ ಸಂಪಾದಕರಿಗೂ ಬರೆಯಬೇಕು. ಸಹಿ ಹಾಕಿಯೇ ಬಿಟ್ಟಿದ್ದರೆ ಅಂದೇ ರಾತ್ರಿ ಇಷ್ಟು ಬರೆದು ಕಳಿಸುವುದು: ಒತ್ತಡದಲ್ಲಿ ಬರೆಸಿಕೊಂಡ ರಾಜೀನಾಮೆಯನ್ನು ಹಿಂಪಡೆಯುತ್ತಿದ್ದೇನೆ, ನಾಳೆ ಕೆಲಸಕ್ಕೆ ಹಾಜರಾಗುತ್ತೇನೆ. ಜಾರಿಗೆ ಬರುವ ದಿನದ ಒಳಗೆ ರಾಜೀನಾಮೆ ಹಿಂಪಡೆಯಬಹುದು ಎಂಬುದು ನೆಲೆಗೊಂಡ ಕಾನೂನು. ಎಚ್‌ಆರ್‌ನ ಪತ್ರಗಳಲ್ಲಿ ‘ತಕ್ಷಣದಿಂದ’ ಎಂಬ ಪದ ಇರುವುದು ಇದಕ್ಕಾಗಿಯೇ. ಟೈಪು ಮಾಡಿದ ಪತ್ರದಲ್ಲಿ ಆ ಪದವನ್ನು ಹೊಡೆದು ‘ನೋಟಿಸ್ ಅವಧಿ ಮುಗಿದ ನಂತರ’ ಎಂದು ಕೈಯಲ್ಲಿ ಬರೆದರೂ ವ್ಯತ್ಯಾಸ ದೊಡ್ಡದು. ಮರುದಿನ ಗೇಟಿನವರೆಗೆ ಹೋಗಿ, ಒಳಗೆ ಬಿಡಲಿಲ್ಲವೆಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ರಸೀದಿ ಇಟ್ಟುಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ವಾರ ಕಳೆದ ಮೇಲೆ ಬರೆದ ಪತ್ರವನ್ನು ಯಾರೋ ಹೇಳಿಕೊಟ್ಟದ್ದು ಎಂದು ಕಂಪನಿಯ ವಕೀಲರು ಸುಲಭವಾಗಿ ಹೇಳುತ್ತಾರೆ.

ದಾಖಲೆಗಳು ಕಚೇರಿಯ ಮೇಲ್‌ನಲ್ಲಿದ್ದರೆ ಸಂಜೆಗೆ ಇಲ್ಲ. ನೇಮಕಾತಿ ಪತ್ರ, ಪ್ರತಿ ನವೀಕರಣ, ಸಂಬಳದ ಚೀಟಿ, ರಜೆ ಮಂಜೂರಾತಿ, ಡ್ಯೂಟಿ ಚಾರ್ಟ್ ಇವುಗಳ ಪ್ರತಿ ಯಾವಾಗಲೂ ಮನೆಯಲ್ಲಿರಬೇಕು. ‘ಡೆಪ್ಯುಟಿ ಎಡಿಟರ್’, ‘ಮ್ಯಾನೇಜರ್–ಕಂಟೆಂಟ್’ ಎಂಬ ಹುದ್ದೆ ಕೊಟ್ಟಿದ್ದರೆ ಡ್ಯೂಟಿ ಚಾರ್ಟಿನ ಬೆಲೆ ಇನ್ನೂ ಹೆಚ್ಚು. ಆಡಳಿತಾತ್ಮಕ ಹುದ್ದೆಯವರು ಕಾರ್ಮಿಕರಲ್ಲ ಎಂಬ ವಾದ ಬಂದೇ ಬರುತ್ತದೆ. ನ್ಯಾಯಾಲಯ ನೋಡುವುದು ಮಾಡಿದ ಕೆಲಸವನ್ನು. ದಿನಕ್ಕೆ ನಾಲ್ಕು ಪುಟ ನೋಡಿ, ತಲೆಬರಹ ಕೊಟ್ಟು, ಕಾಪಿ ತಿದ್ದಿದವರು ಯಾರ ರಜೆಯನ್ನೂ ಮಂಜೂರು ಮಾಡಿರದಿದ್ದರೆ ಹುದ್ದೆಯ ಹೆಸರು ಏನಾದರೂ ಇರಲಿ, ಅವರು ಪತ್ರಕರ್ತರೇ.

ಲೆಕ್ಕ ಚುಕ್ತಾ ಮಾಡುವ ವೋಚರಿನಲ್ಲಿ ‘ಇನ್ನು ಯಾವುದೇ ಹಕ್ಕು ಬಾಕಿ ಇಲ್ಲ’ ಎಂಬ ಸಾಲು ಇರುತ್ತದೆ. ಹಣ ಬೇಕಾದದ್ದೇ, ತೆಗೆದುಕೊಳ್ಳಿ. ಸಹಿಯ ಪಕ್ಕ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೆ’ ಎಂದು ಬರೆಯಿರಿ. ದೂರು ಮೊದಲು ಹೋಗುವುದು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ, ಅಲ್ಲಿ ಬಗೆಹರಿಯದಿದ್ದರೆ ನ್ಯಾಯಮಂಡಳಿಗೆ. ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಕೆಲಸದಿಂದ ತೆಗೆದ ಬಗ್ಗೆ ಕೋರ್ಟಿಗೆ ಹೋಗಲು ಹಳೆಯ ಕಾಯ್ದೆ ಮೂರು ವರ್ಷ ಕೊಟ್ಟಿತ್ತು. ಕಡಿಮೆ ಕೊಟ್ಟ ಸಂಬಳದ ಕ್ಲೇಮಿಗೆ ವೇತನ ಸಂಹಿತೆಯಲ್ಲಿ ಮೂರು ವರ್ಷ ಇದೆ, ಸಂಬಳ ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಹೊಣೆ ಮಾಲೀಕರದು. ಮಜಿಥಿಯಾ ಬಾಕಿಯ ಕೇಸು ನಡೆಯುತ್ತಿರುವವರು ಕಾಯ್ದೆ ರದ್ದಾಯಿತೆಂದು ಕೈಬಿಡಬೇಕಿಲ್ಲ. ಕಾಯ್ದೆ ಇದ್ದಾಗ ಹುಟ್ಟಿದ ಹಕ್ಕು ಅದರ ರದ್ದತಿಯಿಂದ ಅಳಿಯುವುದಿಲ್ಲ ಎಂಬ ನಿಯಮ ಸಾಮಾನ್ಯ ಕಲಮುಗಳ ಕಾಯ್ದೆಯ 6ನೇ ಕಲಮಿನಲ್ಲಿದೆ.

ಲೆಕ್ಕಕ್ಕೇ ಬಾರದವರು

ಕರ್ನಾಟಕದ ಪತ್ರಿಕೆಗಳ ಜಿಲ್ಲಾ ಪುಟ ತುಂಬುವವರಲ್ಲಿ ತಾಲ್ಲೂಕು ವರದಿಗಾರರ ಪಾಲು ದೊಡ್ಡದು. ಅವರಲ್ಲಿ ಹೆಚ್ಚಿನವರಿಗೆ ನೇಮಕಾತಿ ಪತ್ರವೇ ಇಲ್ಲ. ತಿಂಗಳ ಗೌರವಧನ, ಅಥವಾ ಅದೂ ಇಲ್ಲದೆ ಜಾಹೀರಾತು ತಂದರೆ ಕಮಿಷನ್. ಸ್ವಲ್ಪ ಮೇಲಿನ ‘ರಿಟೈನರ್’ಗಳ, ಅಂದರೆ ನೌಕರಿಯ ಪಟ್ಟಿಯಲ್ಲಿಲ್ಲದೆ ತಿಂಗಳಿಗಿಷ್ಟು ಎಂದು ಬರೆಯುವವರ ಸಂಬಳ ‘ವೃತ್ತಿಪರ ಶುಲ್ಕ’ ಎನ್ನಿಸಿಕೊಂಡು ಶೇ 10 ಟಿಡಿಎಸ್ ಕಳೆದು ಬರುತ್ತದೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಇವರನ್ನು ಬಿಡಿಸಲು ರಾಜೀನಾಮೆ ಪತ್ರವೂ ಬೇಡ, ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದರಾಯಿತು. ಆದರೆ ಇದೇ ವರದಿಗಾರರಿಗೆ ವಾರ್ತಾ ಇಲಾಖೆಯ ಮಾನ್ಯತಾ ಪತ್ರವೋ ಬಸ್ ಪಾಸೋ ಬೇಕಾದಾಗ ‘ಇವರು ನಮ್ಮ ವರದಿಗಾರರು’ ಎಂದು ಸಂಸ್ಥೆ ಬರೆದುಕೊಟ್ಟಿರುತ್ತದೆ. ಆ ಶಿಫಾರಸು ಪತ್ರ, ತಿಂಗಳುಗಟ್ಟಲೆ ಪ್ರಕಟವಾದ ವರದಿಗಳ ಕತ್ತರಿಕೆ, ಗುಂಪಿನಲ್ಲಿ ಬಂದ ‘ಇವತ್ತು ಇಂಥಲ್ಲಿಗೆ ಹೋಗಿ’ ಎಂಬ ಸೂಚನೆಗಳು, ಬ್ಯಾಂಕಿಗೆ ಬಂದ ಹಣದ ವಿವರ, ಇಷ್ಟು ಸೇರಿದರೆ ಉದ್ಯೋಗ ಸಂಬಂಧ ಸಾಬೀತುಮಾಡುವ ಕೇಸು ನಿಲ್ಲುತ್ತದೆ.

ಸಂಘಗಳಿಗೂ ಇವರು ಈಗ ಬೇಕು. ಹೊಸ ಸಂಹಿತೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿರುವ ಸಂಸ್ಥೆಯ ಜತೆ ಒಂದೇ ಸಂಘ ಮಾತುಕತೆಗೆ ಕೂರಬೇಕಾದರೆ ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ಶೇ 51 ಅದರ ಸದಸ್ಯರಾಗಿರಬೇಕು. ಯಾರಿಗೂ ಅಷ್ಟು ಬಲ ಇಲ್ಲದಿದ್ದರೆ ಶೇ 20 ಇರುವ ಸಂಘಗಳು ಸೇರಿ ಮಾತುಕತೆಯ ಮಂಡಳಿ. ರಿಟೈನರ್‌ಗಳು, ಏಜೆನ್ಸಿ ಮೂಲಕ ಬಂದವರು, ಸೋದರ ಸಂಸ್ಥೆಗೆ ಸರಿಸಿದವರು ಆ ಪುಸ್ತಕದಲ್ಲಿಲ್ಲ. ಹುದ್ದೆಯ ಹೆಸರಿನಿಂದ ‘ಮ್ಯಾನೇಜರ್’ ಆದವರೂ ಇಲ್ಲ. ಕಾರ್ಯನಿರತ ಪತ್ರಕರ್ತರ ಸಂಘಕ್ಕೆ ಜಿಲ್ಲೆ ಜಿಲ್ಲೆಗಳಲ್ಲಿ ಸದಸ್ಯರಿದ್ದಾರೆ, ಸಮ್ಮೇಳನಗಳಿಗೆ ಮಂತ್ರಿಗಳು ಬರುತ್ತಾರೆ. ಆದರೆ ಸಂಹಿತೆ ಕೇಳುವುದು ರಾಜ್ಯದ ಸದಸ್ಯತ್ವವನ್ನಲ್ಲ, ಒಂದೊಂದು ಸಂಸ್ಥೆಯ ಒಳಗಿನ ಶೇಕಡಾವಾರನ್ನು. ಮುಂದಿನ ನವೀಕರಣದ ಕಾಗದಗಳು ಮೇಜಿಗೆ ಬರುವ ಮೊದಲು ಪ್ರತಿ ಪತ್ರಿಕೆಯಲ್ಲಿ ಯಾರು ಯಾವ ಕಂಪನಿಯ ಹೆಸರಿನಲ್ಲಿ, ಯಾವ ಅವಧಿಗೆ, ಯಾವ ಹುದ್ದೆಯಲ್ಲಿ ಇದ್ದಾರೆಂದು ಪಟ್ಟಿ ಮಾಡಲು ಪಿಎಫ್ ಪಾಸ್‌ಬುಕ್, ನೇಮಕಾತಿ ಪತ್ರ ಮತ್ತು ಡ್ಯೂಟಿ ಚಾರ್ಟ್ ಸಾಕು.